“ಒತ್ತಡ ಮ್ಯಾಲಿಂದ ಬರತೈತಿ, ತಮ್ಮಾ!”

ಇರಕಲ್ಲಗಡದ ಮೋಟರ್ ರಿವೈಂಡಿಂಗ್ ಅಂಗಡಿಯ ಮಾಲೀಕರು ತಾಮ್ರದ ತಂತಿ ತರಲು ಕೊಪ್ಪಳಕ್ಕೆ ಹೋಗಿದ್ದರು. ಅಂಗಡಿ ನೋಡಿಕೊಳ್ಳಲು ಬಿಟ್ಟಿದ್ದ ಹುಡುಗ ಮೊಬೈಲ್ ನೋಡಿಕೊಳ್ಳುತ್ತಿದ್ದ. ಮೇಜಿನ ಮೇಲೆ, ಡೀಸೆಲ್ ಹಾಕಿಟ್ಟ ತಗಡಿನ ಡಬ್ಬಿಯ ಪಕ್ಕದಲ್ಲಿ, ಹಿತ್ತಾಳೆ ಮೈಯ ಮುದಿ ಆಸಾಮಿಯೊಬ್ಬ ಬಿಸಿಲು ಕಾಯಿಸುತ್ತ ಕೂತಿದ್ದ. ಬ್ರಶ್ ಹೋಲ್ಡರ್. ಜಾತ್ರೆ, ಮದುವೆ, ಬಯಲಾಟಗಳಿಗೆ ಬೆಳಕು ಕೊಡುತ್ತಿದ್ದ ಹಳೇ ಜನರೇಟರಿನ ಹೊಟ್ಟೆಯಿಂದ ಅಂದು ಬೆಳಿಗ್ಗೆಯಷ್ಟೇ ಬಿಚ್ಚಿದ್ದು. ತಲೆಯ ಮೇಲೆ ಸುರುಳಿ ಸ್ಪ್ರಿಂಗು, ಒಂದು ಮಗ್ಗುಲಿಗೆ ಹಲ್ಲುಹಲ್ಲಿನ ಪಟ್ಟಿ, ನಡುವೆ ಚೌಕಾಕಾರದ ಖಾಲಿ ಗೂಡು. ಗೂಡಿನಲ್ಲಿದ್ದ ಕಾರ್ಬನ್ ಸವೆದು ಚೂರಾಗಿ ಕಸದ ಬುಟ್ಟಿ ಸೇರಿತ್ತು. ಪತ್ರಿಕೆಯವರು ಮಾತನಾಡಿಸುವುದು ಹುದ್ದೆಯಲ್ಲಿ ಉಳಿದವರನ್ನೇ ಆದ್ದರಿಂದ ಬುಟ್ಟಿಯ ಕಡೆ ನೋಡದೆ ಹೋಲ್ಡರ್ ಮುಂದೆ ಕೂತೆವು.

ನಮಸ್ಕಾರ ಅಜ್ಜಾರ. ಓದುಗರಿಗೆ ತಮ್ಮ ಪರಿಚಯ ಹೇಳ್ರಿ.

ಬಾ ತಮ್ಮಾ, ಕುಂದ್ರು. ಮೋಟರ್ ಇರ್ಲಿ, ಜನರೇಟರ್ ಇರ್ಲಿ, ನಿಂತ ಭಾಗ ಒಂದು, ತಿರಗೋ ಭಾಗ ಒಂದು. ನಿಂತದ್ದರಿಂದ ತಿರಗೋದಕ್ಕ ಕರೆಂಟ್ ದಾಟಸಬೇಕು. ತಂತಿ ಕಟ್ಟಿದ್ರ ಹುರಿ ಬಿಗಿದು ಹರೀತೈತಿ. ಅದಕ್ಕ ತಿರಗೋ ಉಂಗುರದ ಮ್ಯಾಲೆ ಕಾರ್ಬನ್ ತುಂಡು ಒತ್ತಿ ಇಡತಾರ. ಉಂಗುರ ತಿರಗತೈತಿ, ಕಾರ್ಬನ್ ಉಜ್ಜತೈತಿ, ಕರೆಂಟ್ ದಾಟತೈತಿ. ಆ ಕಾರ್ಬನ್ನಿಗೆ ಬ್ರಶ್ ಅಂತಾರ, ಅದನ್ನ ಹಿಡಕೊಂಡು ನಿಂತಾಂವ ನಾನು. ನಾ ತಿರಗಂಗಿಲ್ಲ, ಸವಿಯಂಗಿಲ್ಲ, ಉಂಗುರ ಮುಟ್ಟಂಗೂ ಇಲ್ಲ.

ಅಂದರೆ ಕೆಲಸವೆಲ್ಲ ಕಾರ್ಬನ್‌ದು, ತಮ್ಮದು...

ಮೇಲುಸ್ತುವಾರಿ! ಅದೇನು ಸಸಾರ ಅಂತ ತಿಳದಿಯೇನು? ಉಂಗುರದಿಂದ ನಾನು ಎರಡು-ಮೂರು ಮಿಲಿಮೀಟರ್ ದೂರ ನಿಂದ್ರಬೇಕು. ಇನ್ನೂ ಹತ್ತಿರ ಹೋದ್ರ ಉಂಗುರಕ್ಕ ಗೀರು ಬೀಳತೈತಿ. ದೂರ ಸರದ್ರ ಕಾರ್ಬನ್ ಗೂಡಿನಿಂದ ಉದ್ದಕ ಹೊರಗ ಬಂದು ಗಡಗಡ ನಡುಗತೈತಿ. ಗೂಡು ಬಿಗಿಯಾದ್ರ ಅದು ಕೆಳಗ ಇಳಿಯಂಗಿಲ್ಲ, ಸಡ್ಲಾದ್ರ ಓರಿಯಾಗಿ ಕುಂದರತೈತಿ. ಕೈಕೆಳಗಿನವ್ರನ್ನ ಎಷ್ಟು ಬಿಗಿ ಹಿಡೀಬೇಕು, ಎಷ್ಟು ದೂರ ನಿಂತು ನೋಡಬೇಕು ಅನ್ನೋ ಅಂದಾಜು ಎಲ್ಲಾ ಸಾಹೇಬ್ರಿಗೂ ಇರಂಗಿಲ್ಲ.

ಜಾತ್ರೆಗೆ ಬೆಳಕು ಕೊಟ್ಟವರು ತಾವೇ ಎಂದು ಮೈಕ್ ಸೆಟ್ಟಿನವರ ಮುಂದೆ ಹೇಳಿಕೊಂಡಿದ್ದೀರಂತೆ. ಆದರೆ ಬಲ್ಬಿಗೆ ಹೋಗುವ ಕರೆಂಟ್ ತಮ್ಮ ಮೂಲಕ ಹಾಯುವುದೇ ಇಲ್ಲವಂತಲ್ಲ?

(ಅಜ್ಜ ಒಂದು ಗಳಿಗೆ ಸುಮ್ಮನಾದ. ಗೂಡಿನಿಂದ ಕರಿ ಪುಡಿ ಉದುರಿತು.)

ಯಾರಂದ್ರು? ಆ ಹುಡುಗನೇನು? ಹೌದು, ಹಾಯೂದಿಲ್ಲ. ಬಲ್ಬಿನ ಕರೆಂಟ್ ಹುಟ್ಟೂದು ಹೊರಗಿನ ನಿಂತ ಸುರುಳ್ಯಾಗ. ನನ್ನ ಕಡಿಂದ ಹೋಗೂದು ಬರೇ ಸಣ್ಣ ಕರೆಂಟು. ಆದ್ರ ಆ ಸಣ್ಣ ಕರೆಂಟ್ ಇದ್ರ ಒಳಗ ತಿರಗೋ ಕಬ್ಬಿಣ ಆಯಸ್ಕಾಂತ ಆಗತೈತಿ. ಇಲ್ಲಂದ್ರ ಡೀಸೆಲ್ ಎಂಜಿನ್ ರಾತ್ರಿಪೂರ ಬಡಕೊಂಡ್ರೂ ಒಂದು ಬಲ್ಬು ಹತ್ತಂಗಿಲ್ಲ. ನೀ ಮನಿ ಕಟ್ಟಾಕ ಸರ್ಕಾರದ ರೊಕ್ಕ ಮಂಜೂರು ಮಾಡಿಸಿಕೊಂಡಿರ್ತಿ. ರೊಕ್ಕ ಕ್ಲರ್ಕಿಂದಲ್ಲ, ಖಜಾನಿದು. ಆದ್ರ ಕ್ಲರ್ಕಿನ ಸಣ್ಣ ಸಹಿ ಇಲ್ಲದ ಖಜಾನಿ ಬಾಗಿಲಾ ತೆರದದ್ದು ಯಾವಾಗರೆ ನೋಡೀಯೇನು? ಆ ಸಹಿ ನಾನು.

ಒಪ್ಪಿದೆವು. ತಮ್ಮ ಹೆಸರಿನ ಹಿಂದೆ ‘ಅಡ್ಜಸ್ಟೆಬಲ್’ ಎಂಬ ಬಿರುದಿದೆ. ಏನೇನು ಅಡ್ಜಸ್ಟ್ ಮಾಡಿಕೊಳ್ಳುತ್ತೀರಿ?

ಮುಖ್ಯ ಒತ್ತಡ. ಕಾರ್ಬನ್ ಸವಿದಂಗ ಗಿಡ್ಡ ಆಗತೈತಿ, ಗಿಡ್ಡ ಆದಂಗ ಸ್ಪ್ರಿಂಗು ಸಡ್ಲ ಬೀಳತೈತಿ. ಆವಾಗ ಈ ಹಲ್ಲಿನ ಪಟ್ಟ್ಯಾಗ ಸ್ಪ್ರಿಂಗಿನ ಕಾಲು ಒಂದು ಹಲ್ಲು ಮುಂದ ಸರಸೂದು. ಒತ್ತಡ ಕಡಿಮಿ ಆದ್ರ ಕಾರ್ಬನ್ ಉಂಗುರದ ಮ್ಯಾಲೆ ಜಿಗೀತೈತಿ, ಜಿಗಿದಲ್ಲೆಲ್ಲಾ ಕಿಡಿ. ಹೆಚ್ಚಾತಂದ್ರ ಕಿಡಿ ಇಲ್ಲ, ಗದ್ದಲಿಲ್ಲ, ಎಲ್ಲಾ ಶಿಸ್ತು. ಆದ್ರ ಕಾರ್ಬನ್ ಲಗೂನ ತೇಯ್ದು ಹೋಗತೈತಿ, ಉಂಗುರ ಕಾಯತೈತಿ. ಸಾಮಾನ್ಯ ಮಷೀನಿಗೆ ಚದರ ಸೆಂಟಿಮೀಟರಿಗೆ 200 ಗ್ರಾಂ ಆಜೂಬಾಜು ಸಾಕು. ರೈಲು ಎಂಜಿನ್ನಿನ ಮೋಟರಿಗೆ ಅದಕ್ಕಿಂತ ಜಾಸ್ತಿ ಬೇಕು, ಹಳಿ ಮ್ಯಾಲೆ ಕುಲುಕತೈತಲ್ಲ.

ಅಷ್ಟು ಕರಾರುವಾಕ್ಕಾಗಿ ಅಳೆಯುವುದು ಹೇಗೆ?

ಸುಲಭ ಐತಿ. ಕಾರ್ಬನ್‌ಗೂ ಉಂಗುರಕ್ಕೂ ನಡುವ ಒಂದು ಕಾಗದದ ಚೂರು ಇಡು. ಸ್ಪ್ರಿಂಗ್ ತಕ್ಕಡಿ ಕೊಕ್ಕಿ ಹಾಕಿ ಒತ್ತೋ ಕಾಲನ್ನ ಮೆಲ್ಲಕ ಮ್ಯಾಲೆ ಎಳಿ. ಇನ್ನೊಂದು ಕೈಲೆ ಕಾಗದ ಎಳಕೋತ ಇರು. ಕಾಗದ ಯಾವಾಗ ಸರಕ್ಕನ ಬಿಡತೈತೋ ಆವಾಗ ತಕ್ಕಡ್ಯಾಗ ಎಷ್ಟೈತಿ ನೋಡು. ಉಂಗುರಕ್ಕ ತಾಗೋ ಕಾರ್ಬನ್ ಮುಖ ಎಷ್ಟು ಚದರ ಸೆಂಟಿಮೀಟರ್ ಐತೋ ಅದಕ್ಕ ಭಾಗಿಸು. ಮುಗೀತು.

ಈ ಅಂಗಡಿಯಲ್ಲಿ ಹಾಗೆ ಅಳೆಯುತ್ತಾರೆಯೇ?

ಹೆಬ್ಬೆರಳಲೆ ಒತ್ತಿ “ಐತಿ ಬಿಡು” ಅಂತಾರ.

ಮೋಟರ್ ಕೆಟ್ಟಾಗ ಮೊದಲು ಬೈಸಿಕೊಳ್ಳುವವರು ಯಾರು?

ಇನ್ಯಾರು, ಕಾರ್ಬನ್. ಕಿಡಿ ಬಂತು, “ಕಾರ್ಬನ್ ಹೋಗೇತಿ, ಬದಲ ಮಾಡು.” ಹೊಸಾದು ಬರತೈತಿ. ನಾಕು ದಿನಕ್ಕ ಮತ್ತ ಕಿಡಿ. “ಈಗಿನ ಕಾರ್ಬನ್ ಖರೇವಲ್ಲ, ಮೊದಲಿನ ಮಾಲ ಬರಂಗಿಲ್ಲ.” ಮತ್ತ ಬದಲ. ಈ ಗೂಡಿನಾಗ ಎಷ್ಟು ಕಾರ್ಬನ್ ಬಂದು ಹೋದವು, ಲೆಕ್ಕ ಇಟ್ಟಿಲ್ಲ. ಸ್ಪ್ರಿಂಗು ಮಾತ್ರ ನಾ ಹುಟ್ಟಿದಾಗಿಂದು. ಬಿಸಿ ತಿಂದು ತಿಂದು ಅದರ ಬಲ ಹೋಗಿ ಯಾವ ಕಾಲ ಆತು.

ಹಾಗಾದರೆ ಅಷ್ಟೂ ಕಾರ್ಬನ್‌ಗಳು ಹೋದದ್ದು ಸ್ಪ್ರಿಂಗಿನ ತಪ್ಪಿಗೆ. ಸ್ಪ್ರಿಂಗು ತಮ್ಮ ತಲೆಯ ಮೇಲೆಯೇ ಇದೆ. ಒಮ್ಮೆಯೂ ಹೇಳಲಿಲ್ಲವೇ?

ಯಾರಿಗೆ ಹೇಳ್ಲಿ? ಒತ್ತಡ ಮ್ಯಾಲಿಂದ ಬರತೈತಿ, ತಮ್ಮಾ. ನಾ ಅದನ್ನ ಕೆಳಗ ಮುಟ್ಟಸಾಂವ. ಮ್ಯಾಲಿನವರ ಬಲ ಕುಂದೇತಿ ಅಂತ ವರದಿ ಬರದ್ರ ಮೊದಲ ಬಿಚ್ಚೂದು ನನ್ನ. ಅದಕ್ಕ ‘ಕಾರ್ಬನ್ ಗುಣಮಟ್ಟ ಸಮರ್ಪಕವಾಗಿಲ್ಲ’ ಅಂತ ಬರದೆ. ಗುತ್ತಿಗಿ ನೌಕರರ ಹಂಗ ಅದು. ತಗದ್ರ ಯಾರೂ ಕೇಳಂಗಿಲ್ಲ, ಇಟ್ರ ಯಾರೂ ನೋಡಂಗಿಲ್ಲ.

ದೊಡ್ಡ ಯಂತ್ರಗಳಲ್ಲಿ ಒಂದೇ ಉಂಗುರದ ಮೇಲೆ ನಾಲ್ಕಾರು ಕಾರ್ಬನ್ ಇರುತ್ತವಂತೆ. ಅಲ್ಲಾದರೂ ಕೆಲಸ ಸಮನಾಗಿ ಹಂಚಿಕೆಯಾಗುತ್ತದೆಯೇ?

ಆಹಾ, ಛಲೋ ಕೇಳಿದಿ. ಆರು ಕಾರ್ಬನ್ ಅದಾವ ಅಂತ ಇಟ್ಕೋ. ಆರೂ ಹೋಲ್ಡರಿನ ಒತ್ತಡ ಒಂದ ಇದ್ರ ಕರೆಂಟ್ ಆರು ಪಾಲು. ಒಂದರ ಸ್ಪ್ರಿಂಗು ಉಳಿದವಕ್ಕಿಂತ ಬಿಗಿ ಇತ್ತಂದ್ರ, ಕರೆಂಟಿಗೇನು, ಹಾದಿ ಎಲ್ಲಿ ಸಲೀಸೋ ಅಲ್ಲೇ ನುಗ್ಗತೈತಿ. ಹೆಚ್ಚಿನ ಪಾಲು ಆ ಒಂದರ ಮ್ಯಾಲೆ. ಅದು ಕೆಂಪಗ ಕಾದು, ಬಾಲದ ತಾಮ್ರದ ಹುರಿ ಸುಟ್ಟು ಉದುರತೈತಿ. ಉಳಿದ ಐದು ನೆರಳಾಗ ಕುಂತಂಗ ತಣ್ಣಗ. ಹೊರಗಿಂದ ನೋಡಿದ್ರ ಆರೂ ಹಾಜರಿ. ಒಂದು ಸುಟ್ಟು ಹೋದ ಮ್ಯಾಲೆ ಅದರ ಭಾರ ಪಕ್ಕದ್ದರ ಮ್ಯಾಲೆ, ಆಮ್ಯಾಲೆ ಅದರ ಪಕ್ಕದ್ದು. ಸಾಲಕ ಸಾಲ ಹೋಗತಾವ.

ಇದು ಯಾವ ಕಚೇರಿಯ ವಿಷಯ?

ನಾ ಮೋಟರಿನ ಮಾತ ಆಡಾಕತ್ತೀನಿ. ಕಚೇರಿ ತಂದಾಂವ ನೀನು.

ತಮ್ಮ ಮನೆತನದ ಬಗ್ಗೆ ಹೇಳಿ. ಬಳಗ ದೊಡ್ಡದಿದೆಯಂತೆ.

ನಮ್ಮ ಮುತ್ತಜ್ಜ ಡಿಸಿ ಡೈನಮೊದಾಗಿದ್ದ. ಆವಾಗ ಕಾರ್ಬನ್ ಇರಲಿಲ್ಲ. ತಾಮ್ರದ ತಂತಿ ಕಸಬರಿಗಿ ಹಂಗ ಕಂತಿ ಕಟ್ಟಿ ಒತ್ತತಿದ್ರು. ಕಿಡಿ ಹಾರಿ ಹಾರಿ ಅದರ ತಿರಗೋ ತಾಮ್ರದ ಉಂಗುರ, ಕಮ್ಯುಟೇಟರ್ ಅಂತಾರ, ತೂತು ಬೀಳತಿತ್ತು. 1885ರಾಗ ಜಾರ್ಜ್ ಫೋರ್ಬ್ಸ್ ಅನ್ನೋ ಸ್ಕಾಟ್ಲಂಡಿನಾಂವ ಕಾರ್ಬನ್ ಹಾಕಿದ್ರ ಹೆಂಗ ಅಂತ ಪೇಟೆಂಟ್ ತಗೊಂಡ. ಮೂರು ವರ್ಷಕ್ಕ ಅಮೆರಿಕದಾಗ ವಾನ್ ಡಿಪೋಲ್ ಅನ್ನಾಂವ ಟ್ರಾಮ್ ಮೋಟರಿಗೆ ಹಾಕಿ ಓಡಿಸಿ ತೋರಿಸಿದ. ಅದಕ್ಕಿಂತ ಮೊದಲು ಮುತ್ತಜ್ಜನ ಪಾಡು ಕೇಳಬ್ಯಾಡ. ಡಿಸಿ ಮಷೀನಿನಾಗ ಕಿಡಿ ಬರದಂಗ ಕುಂದ್ರೋ ಒಂದು ಜಾಗ ಐತಿ, ನ್ಯೂಟ್ರಲ್ ಅಂತಾರ. ಆದ್ರ ಲೋಡ್ ಹೆಚ್ಚು ಕಡಿಮಿ ಆದಂಗ ಆ ಜಾಗ ಸರೀತೈತಿ. ಒಬ್ಬ ಮನಿಶಾ ಪಕ್ಕದಾಗ ನಿಂತು, ದೀಪ ಹೆಚ್ಚು ಹತ್ತಿದ್ರ ಹೋಲ್ಡರ್ ಈ ಕಡೆ, ಆರಿದ್ರ ಆ ಕಡೆ ತಿರವತಿದ್ದ.

ತಟಸ್ಥವಾಗಿರಲು ಜಾಗ ಬದಲಿಸುತ್ತಲೇ ಇರಬೇಕು!

ಅದರಾಗ ನಗೂ ಮಾತೇನೈತಿ? ನಿಮ್ಮ ಕಡೆ ಮುಖಂಡರು ಲೋಡ್ ನೋಡಿ ಜಾಗ ಬದಲಿಸಿದ್ರ ಪಕ್ಷಾಂತರ ಅಂತೀರಿ. ಮುತ್ತಜ್ಜ ಕಿಡಿ ಬರಬಾರ್ದು ಅಂತ ಸರೀತಿದ್ದ. ಅವರು ಸರದಲ್ಲೆಲ್ಲಾ ಕಿಡಿ ಬರತೈತಿ, ಅಷ್ಟ ಫರಕ.

ಈಗಿನ ಬಳಗ?

ಮುನಿರಾಬಾದಿನಾಗ ದೊಡ್ಡಪ್ಪನ ಕಡ್ಯಾವ್ರು. 1962ರಿಂದ ನಡದ ಕರೆಂಟಿನ ಮನಿ ಅದು, 28 ಮೆಗಾವಾಟ್. ಅಂಥಾ ಜನರೇಟರಿನಾಗ ತಿರಗೋ ಆಯಸ್ಕಾಂತಕ್ಕ ಕರೆಂಟ್ ಮುಟ್ಟಸೂದು ನಮ್ಮ ಮಂದಿ. ಅವರು ಮದುವಿಗೆ ಕರದ್ರ ಬರಂಗಿಲ್ಲ, ಡ್ಯೂಟಿ ಅಂತಾರ. ಯಲಬುರ್ಗಾ, ಕುಕನೂರು ಕಡೆ ಗಾಳಿ ಫ್ಯಾನ್ ಎದ್ದು ನಿಂತಾವಲ್ಲ, ಅಂಥಾ ಫ್ಯಾನಿನ ಕೆಲವು ನಮೂನಿದಾಗ ನಮ್ಮ ತಮ್ಮಗೋಳು ಕುಂತಾರ, ಅಷ್ಟು ಎತ್ತರದಾಗ. ಕಾರ್ಬನ್ ಬದಲಿ ಮಾಡಾಕ ಬೆಲ್ಟ್ ಕಟಗೊಂಡು ಏರಬೇಕು. ಎತ್ತರಕ್ಕ ಹೋದವ್ರು ಕೆಳಗಿನವ್ರನ್ನ ಮರೀತಾರ. ಇನ್ನ ಸಣ್ಣಾಂವ, ಮಿಕ್ಸರಿನಾಗಿರಾಂವ. ಹಿತ್ತಾಳಿ ಕೊಳವಿ, ಮ್ಯಾಲೊಂದು ತಿರುಪಿನ ಮುಚ್ಚಳ, ಅಡ್ಜಸ್ಟ್ ಗಿಡ್ಜಸ್ಟ್ ಏನಿಲ್ಲ. ಶೇಂಗಾ ಹಿಂಡಿ ಮಾಡಾಕ ಎಣ್ಣಿ ಬಿಟ್ಟ ಶೇಂಗಾ ಗಂಟ್ಲಮಟ ತುಂಬಿ ಮೂರನೇ ನಂಬರಿಗೆ ಇಡತಾರ. ಸುಟ್ಟ ವಾಸನಿ ಬಂದ್ರ “ಕಂಪನಿ ಸುಮಾರು” ಅಂತಾರ. 2023ರಾಗ ಪುಕ್ಕಟ ಕರೆಂಟಿನ ಗೃಹಜ್ಯೋತಿ ಬಂದು ಬಿಲ್ಲಿನ ಅಂಜಿಕಿನೂ ಹೋತು.

ಆದರೆ ರೈತರ ಕೊಳವೆಬಾವಿ ಮೋಟರಿಗೆ ತಮ್ಮ ಅಗತ್ಯವೇ ಇಲ್ಲ. ಇಡೀ ಹೋಬಳಿಯ ಹೊಲಗಳಲ್ಲಿ ಓಡುತ್ತಿರುವುದು ಕಾರ್ಬನ್ ಇಲ್ಲದ ಮೋಟರು.

(ಹೋಲ್ಡರ್ ಈ ಪ್ರಶ್ನೆಯನ್ನು ನಿರೀಕ್ಷಿಸಿದ್ದಂತೆ ಕಂಡಿತು.)

ಖರೆ ಐತಿ. ಅದರಾಗ ತಿರಗೋ ಭಾಗಕ್ಕ ಯಾರೂ ತಂತಿ ಮುಟ್ಟಸೂದಿಲ್ಲ, ನಿಂತದ್ದರ ಪ್ರಭಾವಲೇ ಅದರಾಗ ಕರೆಂಟ್ ಹುಟ್ಟತೈತಿ. ಸರಳ ಮೋಟರು, ನಾ ಒಪ್ಪತೀನಿ. ಆದ್ರ ರಾತ್ರಿ ಮೂರು ಫೇಸ್‌ನಾಗ ಒಂದು ಹೋದ್ರ ಸುಮ್ಮನ ಒಳಗ ಕಾಯಕೋತ ಸುಟ್ಟು ಹೋಗತೈತಿ, ಕಿಡಿ ಇಲ್ಲ, ಸಪ್ಪಳಿಲ್ಲ. ಬೆಳಿಗ್ಗೆ ರೈತ ಬಟನ್ ಒತ್ತಿದಾಗ ಗೊತ್ತಾಗೂದು. ಈ ಅಂಗಡಿ ನಡ್ಯಾಕತ್ತಿದ್ದು ನನ್ನಿಂದಲ್ಲ, ಆ ಸರಳ ಮನಿಶಾನಿಂದ. ಅಲ್ನೋಡು, ಮೂಲ್ಯಾಗ ಸಾಲಾಗಿ ಮಲಗ್ಯಾವ.

ಹುಡುಗ ಉಂಗುರವನ್ನು ಪಾಲಿಶ್ ಪೇಪರಿನಿಂದ ತಿಕ್ಕಿ ಫಳಫಳ ಹೊಳೆಸಿದ್ದಾನೆ. ಸಂತೋಷವೇ?

ಅಯ್ಯೋ, ಅದನ್ನ ಕೇಳಬ್ಯಾಡ. ಉಂಗುರದ ಮ್ಯಾಲೆ ತೆಳುವಾದ ಕಂದು ಪೊರಿ ಕಟ್ಟತೈತಿ. ನೋಡಾಕ ಹೊಲಸು. ಆದ್ರ ಕಾರ್ಬನ್ ನುಣ್ಣಗ ಜಾರೂದು ಅದರ ಮ್ಯಾಲೆ. ಗ್ರಾಫೈಟ್ ಜಾರಾಕ ಗಾಳ್ಯಾಗ ತುಸು ನೀರಿನ ಪಸಿ ಬೇಕು. ಎರಡನೇ ಮಹಾಯುದ್ಧದಾಗ ವಿಮಾನ ಭಾಳ ಎತ್ತರಕ್ಕ ಹೋದಾಗ ಅಲ್ಲಿ ಗಾಳಿ ಒಣಗಿ, ಅದರ ಮೋಟರಿನ ಕಾರ್ಬನ್ ನೋಡನೋಡತ ಪುಡಿ ಆಗತಿದ್ದವು. ಕೊಪ್ಪಳದ ಬಿಸಿಲಾಗ ನಮಗ ಆ ಗತಿ ಬಂದಿಲ್ಲ. ಬಂದದ್ದು ಈ ಹುಡುಗನ ಕೈಲೆ. ಹೊಳಪು ಬೇಕಂತ ಪೊರಿ ತಗದಾನ. ಅದೂ ಎಮೆರಿ ಪೇಪರಿನಾಗ, ಅದರ ಹರಳು ಮೆತ್ತಂದು ಸಿಕ್ಕಲ್ಲಿ ನಟ್ಟು ಕುಂದರತಾವ. ಮಿನಿಸ್ಟರ್ ಬರ್ತಾರಂತ ಹಳೇ ಗ್ವಾಡಿಗೆ ಸುಣ್ಣ ಹೊಡದಂಗಲ್ಲ ಇದು. ಸುಣ್ಣ ಹೊಡದ್ರ ಗ್ವಾಡಿ ಬೀಳೂದಿಲ್ಲ.

ಇಷ್ಟೆಲ್ಲ ಮಹತ್ವದ ತಮ್ಮನ್ನು ಜನ ಯಾಕೆ ಗಮನಿಸುವುದಿಲ್ಲ?

ಸಣ್ಣ ಸಾಮಾನು ಯಾರು ಗಮನಸ್ತಾರ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತಗೊಂಡು ಹೋತು. ಇದ್ದ 33ರಾಗ ಒಂದು. ಯಾಕ? ಚೈನಿನ ಕೊಂಡಿ ಕಡೀತು. ಎಪ್ಪತ್ತು ವರ್ಷ ಡ್ಯಾಮಿನ ಮ್ಯಾಲೆ ಭಾಷಣ ಆದವು, ಬಾಗಿನ ಬಿಟ್ರು, ಎಷ್ಟು ಟಿಎಂಸಿ ಯಾವ ರಾಜ್ಯಕ್ಕ ಅಂತ ಜಗಳಾಡಿದ್ರು. ಕೊಂಡಿ ಎಷ್ಟು ಸವದೈತಿ ಅಂತ ಕೇಳಿದ್ದು ಕಡದ ಮ್ಯಾಲೆ. ವಾರದಾಗ ಹರಿಯೋ ನೀರಾಗನ ಕಬ್ಬಿಣದ ಹಲಗಿ ಇಳಿಸಿ ಮುಚ್ಚಿದ್ರು, ಅದು ದೊಡ್ಡ ಕೆಲಸ, ಇಲ್ಲ ಅನ್ನೂದಿಲ್ಲ. ಆ ಕೊಂಡಿ ನಮಗ ಬೀಗರ ಪೈಕಿ.

ಈಗ ಬ್ರಶ್‌ಲೆಸ್ ಕಾಲ. ಫ್ಯಾನು, ಬ್ಯಾಟರಿ ಗಾಡಿ, ಡ್ರಿಲ್ಲು, ಎಲ್ಲವೂ ಕಾರ್ಬನ್ ಇಲ್ಲದೇ ತಿರುಗುತ್ತಿವೆ. ನಿವೃತ್ತಿಯ ಯೋಚನೆ?

ತಿರಗಲಿ. ಉಜ್ಜೂದಿಲ್ಲ, ಸವಿಯೂದಿಲ್ಲ, ಕರೆಂಟೂ ಕಡಿಮಿ ತಿಂತಾವ. ನಮ್ಮ ಕೆಲಸ ಅಲ್ಲಿ ಒಂದು ಹಸಿರು ಬೋರ್ಡು ಮಾಡತೈತಿ. ಮೊನ್ನೆ ಒಬ್ಬಾಂವ ಅಂಥಾ ಫ್ಯಾನ್ ತಂದಿದ್ದ. ಮಾಲೀಕ ಬಿಚ್ಚಿ ನೋಡಿದ, ತಿರುವಿ ನೋಡಿದ, ಮತ್ತ ಮುಚ್ಚಿದ. “ಬೋರ್ಡ್ ಹೋಗೇತಿ, ಕಂಪನಿಗೆ ಕಳಸಬೇಕು” ಅಂದ. ಅದೂ ವಾಪಸ್ ಬಂದಿಲ್ಲ, ಆ ಮನಿಶಾನೂ ಬಂದಿಲ್ಲ. ನಾ ಕೆಟ್ರ ಇಕ್ಕಳ, ಸ್ಕ್ರೂಡ್ರೈವರ್ ಇದ್ದ ಯಾವ ಹುಡುಗನೂ ಕೈ ಹಾಕ್ತಾನ. ಅದ ನನ್ನ ಬಲ, ಅದ ನನ್ನ ಕರ್ಮ.

ಕೊನೆಯದಾಗಿ, ನಮ್ಮ ಓದುಗರಿಗೆ ತಮ್ಮ ಸಂದೇಶ?

ಸಂದೇಶ ಕೊಡಾಕ ನಾನೇನು ಉದ್ಘಾಟನಾಕ್ಕ ಬಂದೀನೇನು? ಮೊದಲ ಆ ಟೇಬಲ್ ಮ್ಯಾಲಿಂದ ನಿನ್ನ ಮೊಳಕೈ ತಗಿ. ಸ್ಪ್ರಿಂಗಿನ ಪಿನ್ನು ಉಳ್ಳಿ ಕೆಳಗ ಬಿದ್ರ ಹುಡುಕಾಕ ಆ ಹುಡುಗ ಮೊಬೈಲ್ ಬಿಟ್ಟು ಏಳಂಗಿಲ್ಲ, ಮಾಲೀಕ ಮತ್ತ ಕೊಪ್ಪಳಕ್ಕ ಹೋಗಬೇಕಾಗತೈತಿ.