ಪಿತೃಪಕ್ಷ ಮತ್ತು ತೆರಿಗೆ ಪಕ್ಷ

(ಕುಂದಾಪುರದ ಒಂದು ಆಡಿಟರ್ ಕಚೇರಿ. ಮಾವ ಆಡಿಟರ್, ದುಬೈಯಿಂದ ರಜೆಗೆ ಬಂದ ಅಳಿಯ ಕಕ್ಷಿದಾರ.)

ಅಳಿಯ: ಮಾವ, ನಾನೀಗ ಅನಿವಾಸಿ. ನನಗೆಂಥ ತೆರಿಗೆ?

ಮಾವ: ಹೊರಟದ್ದು ಯಾವಾಗ?

ಅಳಿಯ: 2024ರ ಬಲಿಪಾಡ್ಯಮಿ, ನವೆಂಬರ್ 2. ಜೋಯಿಸರೇ ಇಟ್ಟುಕೊಟ್ಟ ಮುಹೂರ್ತ!

ಮಾವ: ಏಪ್ರಿಲ್ 1ರಿಂದ ಲೆಕ್ಕ ಹಾಕು. 182 ದಿನ ಎಂದೋ ದಾಟಿತು. ಆ ವರ್ಷಕ್ಕೆ ನೀನು ಅಪ್ಪಟ ನಿವಾಸಿ. ಮಾರ್ಚ್‌ವರೆಗಿನ ದುಬೈ ಸಂಬಳಕ್ಕೂ ಇಲ್ಲೇ ತೆರಿಗೆ.

ಅಳಿಯ: ದುಬೈಯಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲವಲ್ಲ!

ಮಾವ: ಅದಕ್ಕೇ ಕಳೆದುಕೊಳ್ಳಲಿಕ್ಕೂ ಏನೂ ಇಲ್ಲ. ಅಲ್ಲಿ ಕಟ್ಟಿದ್ದರೆ ತಾನೇ ಇಲ್ಲಿ ವಜಾ? ಸೆಪ್ಟೆಂಬರ್ 28ರೊಳಗೆ ವಿಮಾನ ಹತ್ತಿದ್ದರೆ ಈ ರಗಳೆಯೇ ಇರಲಿಲ್ಲ.

ಅಳಿಯ: ಆಗ ಪಿತೃಪಕ್ಷ ಮಾವ! ಯಾರಾದರೂ ಪ್ರಯಾಣ ಹೊರಡ್ತಾರಾ?

ಮಾವ: ಇಲಾಖೆಯ ಪಂಚಾಂಗದಲ್ಲಿ ಪಿತೃಪಕ್ಷ ಇಲ್ಲ ಮಾರಾಯ. ಇನ್ನು ಅಲ್ಲಿನ ಬ್ಯಾಂಕ್ ಖಾತೆ. ಅದನ್ನೂ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು.

ಅಳಿಯ: ಅದರಲ್ಲಿರುವುದು ಚಿಲ್ಲರೆ ದುಡ್ಡು.

ಮಾವ: ಚಿಲ್ಲರೆಯಾದರೂ ತೋರಿಸು. ದೊಡ್ಡ ಮೊತ್ತ ಮುಚ್ಚಿಟ್ಟವರಿಗೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡ ಕಾದಿದೆ.

ಅಳಿಯ: ಸಮುದ್ರದಾಚೆಯ ಖಾತೆ ಇವರಿಗೆ ಹೇಗೆ ಗೊತ್ತಾಗ್ತದೆ?

ಮಾವ: ಖಾತೆಗಳ ಮಾಹಿತಿಯನ್ನು ದೇಶದೇಶಗಳೇ ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತವೆ. ಯಾರೂ ಕೇಳಬೇಕಾಗಿಲ್ಲ.

ಅಳಿಯ: ಅಯ್ಯೋ! ನನ್ನ ಸಂಬಳ ಎಷ್ಟೂಂತ ಹೆಂಡತಿಗೇ ಹೇಳಿಲ್ಲ ಮಾವ!

ಮಾವ: ಹೆದರಬೇಡ. ಇಲಾಖೆಗೆ ಬೇಕಾದ್ದು ತೆರಿಗೆ ಮಾತ್ರ, ಬಂಗಾರದ ಬಳೆಯಲ್ಲ.