ಕೊನೇ ದಿನದ ಭಾವ

ಪ್ರವಾಸದ ಕೊನೇ ದಿನ ನಮ್ಮ ಭಾವ ಏಳುವುದೇ ಬೆಂಗಳೂರಿನಲ್ಲಿ. ದೇಹ ಮಾತ್ರ ಲಡಾಖಿನ ಪ್ಯಾಂಗಾಂಗ್ ದಂಡೆಯ ಟೆಂಟಿನಲ್ಲಿ ಉಳಿದಿತ್ತು, ಅದೂ ನಮ್ಮ ಸೂಟ್‌ಕೇಸುಗಳನ್ನು ತೂಗುವುದಕ್ಕೆ.

ಹಿಂದಿನ ದಿನದವರೆಗೆ ಹೀಗಿರಲಿಲ್ಲ. ನುಬ್ರಾದ ಮರಳುದಿಬ್ಬದ ಮೇಲೆ ಸೂರ್ಯಾಸ್ತ ನೋಡಿ ಕಣ್ಣೊರೆಸಿಕೊಂಡವರು ಇವರೇ. ಈಗ ಸರೋವರದ ನೀರು ಗಳಿಗೆಗೊಂದು ಬಣ್ಣ ತಾಳುತ್ತಿದ್ದರೆ, ಅದಕ್ಕೆ ಬೆನ್ನು ಹಾಕಿ ಕೊಕ್ಕೆಯ ತಕ್ಕಡಿ ಎತ್ತಿ ಹಿಡಿದಿದ್ದರು. 14,000 ಅಡಿ ಎತ್ತರದಲ್ಲಿ ಸೂಟ್‌ಕೇಸ್ ಎತ್ತಿದರೆ ಏದುಸಿರು ಬರದೆ ಇನ್ನೇನು? ಉಸಿರು ಸಿಕ್ಕಮೇಲೆ ತೀರ್ಪು ಬಂತು: “ಹದಿನೈದು ಕಿಲೋ ಮುನ್ನೂರು. ಏಪ್ರಿಕಾಟ್ ಯಾರು ತಿಂತೀರಿ?” ನೆಂಟರಿಗೆಂದು ಕೊಂಡ ಒಣ ಏಪ್ರಿಕಾಟು ಮುನ್ನೂರು ಗ್ರಾಂ, ತಿಂಡಿಗೆ ಮೊದಲೇ ನಮ್ಮ ಹೊಟ್ಟೆ ಸೇರಿತು. ವಿಮಾನದವರು ಹೊಟ್ಟೆ ತೂಗುವುದಿಲ್ಲ ಎಂಬುದು ಭಾವನ ಸಿದ್ಧಾಂತ. ಜಿಪ್ ಎಳೆದಾದ ಮೇಲೆ ಪವರ್ ಬ್ಯಾಂಕ್ ತಳದಲ್ಲಿದೆ ಎಂದು ನೆನಪಾಯಿತು. ಅದು ಕೈಚೀಲದಲ್ಲೇ ಇರಬೇಕಲ್ಲ, ಮತ್ತೆ ಬಿಚ್ಚಿ!

ಬರುವಾಗ ಶ್ಯೋಕ್ ನದಿಯ ಪಕ್ಕದ ದಾರಿ ಹಿಡಿದಿದ್ದರಿಂದ ಲೇಹ್‌ಗೆ ಮರಳುವ ಚಾಂಗ್ ಲಾ ಕಣಿವೆದಾರಿ ನಮಗೆ ಹೊಸದು. 17,688 ಅಡಿ ಎನ್ನುವ ಫಲಕದ ಮುಂದೆ ನಾವೆಲ್ಲ ಫೋಟೊಗೆ ನಿಂತೆವು. ಭಾವ ದೂರದಲ್ಲಿ ಫೋನನ್ನು ಆರತಿಯಂತೆ ಎತ್ತಿ ಸುತ್ತಿಸುತ್ತಿದ್ದರು. ಸಿಗ್ನಲ್ ಬೇಕು, ವೆಬ್ ಚೆಕ್-ಇನ್ ಆಗಬೇಕು. ಹೊರಗಿನ ಪ್ರೀಪೇಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ. ಮುಂಚೆಯೇ ಪೋಸ್ಟ್‌ಪೇಡ್ ಮಾಡಿಸಿಕೊಂಡು ಬಂದವರು ಅವರೊಬ್ಬರೇ. ಹಾಗಾಗಿ ಸರ್ವಾಧಿಕಾರ ಅವರದು. ಕಾರು ಎಂಬ ಊರು ತಲುಪಿ ಲೇಹ್ ರಸ್ತೆ ಸೇರಿದ್ದೇ ಸಿಗ್ನಲ್ ಬಂತು. ಮೊದಲ ಕರೆ ಹಾಲಿನವನಿಗೆ, “ನಾಡಿದ್ದಿಂದ ಹಾಕಪ್ಪ.” ಎರಡನೆಯದು ಎದುರುಮನೆಯವರಿಗೆ, “ಸಂಪಿನ ಮೋಟರ್ ಸ್ವಲ್ಪ ಹಾಕಿಬಿಡಿ.”

ಥಿಕ್ಸೆ ಮಠ ಬಂತು. ಗುಡ್ಡದ ಮೈಗೆ ಮೆಟ್ಟಿಲುಮೆಟ್ಟಿಲಾಗಿ ಅಂಟಿಕೊಂಡ ಬಿಳಿ ಗೋಡೆಗಳು. ಒಳಗೆ ಎರಡಂತಸ್ತಿನೆತ್ತರದ ಮೈತ್ರೇಯ ಬುದ್ಧ.

“ರೀ, ಅರ್ಧ ಗಂಟೆ ನೋಡ್ಕೊಂಡು ಬರೋಣ,” ಅಂದಳು ಅಕ್ಕ. “ಮೈತ್ರೇಯ ಅಂದ್ರೆ ಮುಂದೆ ಬರೋ ಬುದ್ಧನಂತೆ.”

“ಇನ್ನೂ ಬರಬೇಕಾದವನು ತಾನೇ? ಬಂದಮೇಲೆ ನೋಡಿದರಾಯ್ತು ಬಿಡೇ. ಪ್ಯಾಕಿಂಗ್ ಇದೆ.”

ಡ್ರೈವರ್‌ಗೆ ಕನ್ನಡ ಬಾರದು, ಆದರೂ ನಕ್ಕ. ಕೊನೇ ದಿನದ ಗಂಡಸರನ್ನು ಅವನು ಬೇಕಾದಷ್ಟು ಕಂಡಿರಬೇಕು.

ಲೇಹ್‌ನಲ್ಲಿ ವಿಮಾನಗಳೆಲ್ಲ ಹೆಚ್ಚಾಗಿ ಬೆಳಿಗ್ಗೆಯೇ. ಮಧ್ಯಾಹ್ನವಾದರೆ ಕಣಿವೆಯಲ್ಲಿ ಗಾಳಿ ಏಳುತ್ತದೆ. ಮೊದಲೇ ತೆಳುವಾದ ಹವೆ ಬಿಸಿಲಿಗೆ ಇನ್ನೂ ತೆಳುವಾಗುತ್ತದೆ. ಅಷ್ಟು ಸಾಕಿತ್ತು ಭಾವನಿಗೆ. ಏಳು ಗಂಟೆಯ ವಿಮಾನಕ್ಕೆ ಮೂರಕ್ಕೇ ಎಬ್ಬಿಸಿದರು. ವಿಮಾನ ನಿಲ್ದಾಣದ ಗೇಟು ತೆರೆಯುವುದನ್ನು ಕಾಯುತ್ತ ನಡುಗಿದವರು ನಾವು ಮತ್ತು ಎರಡು ನಾಯಿ.

ಬೆಳಕು ಹರಿದಾಗ ಬೆಟ್ಟಗಳೇ ಇಲ್ಲ, ಮೋಡ. ದೆಹಲಿಯಿಂದ ಬಂದ ವಿಮಾನ ಇಳಿಯಲಾರದೆ ವಾಪಸ್ ಹೋಯಿತಂತೆ, ಇನ್ನು ನಾಳೆಯೇ. ಅಕ್ಕ ಆಗಲೇ ಹೊರಗೊಬ್ಬ ಡ್ರೈವರ್‌ನನ್ನು ಹಿಡಿದು ಥಿಕ್ಸೆ ಅನ್ನುತ್ತಿದ್ದಳು. ಭಾವ ಕೌಂಟರಿಗೂ ಹೋಗದೆ ಮೂಲೆಯಲ್ಲಿ ನಿಂತು ಹಾಲಿನವನ ಹತ್ತಿರ ದುಃಖ ತೋಡಿಕೊಳ್ಳುತ್ತಿದ್ದರು: “ಒಂದಿನ ಮುಂದಕ್ಕೆ ಹಾಕಪ್ಪ. ಏನ್ ಮಾಡೋದು, ಸಿಕ್ಕಾಕೊಂಡ್ವಿ. ಇಡೀ ದಿನ ನೋಡೋಕೆ ಏನಿದೆ ಇಲ್ಲಿ, ಬರೀ ಬೆಟ್ಟ!”