ಬೂಟಿನ ಪುಣ್ಯ

(ಮರಿಯಮ್ಮನಹಳ್ಳಿಯ ಚಹಾ ಅಂಗಡಿ. ಊರಿನ ಮಾವ, ಬೆಂಗಳೂರಿನಿಂದ ಬಂದ ಅಳಿಯ.)

ಅಳಿಯ: ಮಾವ, ಮಲ್ನಾಡ್ ಅಲ್ಟ್ರಾಕ್ಕ ಹೊಂಟೀನಿ. ಚಿಕ್ಕಮಗಳೂರು ಕಡೆ ಗುಡ್ಡದಾಗ 50 ಕಿಲೋಮೀಟರ್ ಓಟ.

ಮಾವ: ಯಾರು ಬೆನ್ನು ಹತ್ಯಾರಪಾ?

ಅಳಿಯ: ಯಾರೂ ಇಲ್ಲ. ಬಡ ಮಕ್ಕಳ ಓದಿಗೆ ರೊಕ್ಕ ಕೂಡಿಸಾಕ.

ಮಾವ: ನೀ ಓಡಿದ್ರ ಅವರಿಗೆ ರೊಕ್ಕ ಹೆಂಗ ಬರ್ತೈತಿ?

ಅಳಿಯ: ಗೆಳೆಯರಿಗೆ ಲಿಂಕ್ ಕಳಿಸ್ತೀನಿ, ಹಾಕ್ತಾರ.

ಮಾವ: ಅದನ್ನ ಕುಂತಲ್ಲೇ ಕಳಿಸಿದ್ರ?

ಅಳಿಯ: ಸುಮ್ನ ಯಾರು ಕೊಡ್ತಾರ? ನಾ ಸುಸ್ತಾಗಿದ್ದು ಅವರಿಗೆ ಕಾಣಬೇಕು.

ಮಾವ: ಬೂಟಿಗೆಷ್ಟು?

ಅಳಿಯ: 18 ಸಾವಿರ.

ಮಾವ: ಕೂಡಿದ್ದು?

ಅಳಿಯ: 11.

ಮಾವ: ಕೊಟ್ಟೂರೇಶ್ವರನ ತೇರಿಗೆ ಹೊಸಪೇಟೆ ಕಡೆ ಮಂದಿ ನಮ್ಮೂರ ಮ್ಯಾಲೇ ನಡಕೊಂತ ಹೋಗ್ತಾರ. ಕಾಲಾಗ ಬೊಬ್ಬೆ, ಕೈಯಾಗ ಮಜ್ಜಿಗೆ ಲೋಟ. ದಾರಿಗುಂಟ ಊಟ ಹಾಕೋರೂ ಮೆಡಲ್ ಕೇಳಂಗಿಲ್ಲ.

ಅಳಿಯ: ಅದು ಭಕ್ತಿ ಮಾವ. ಇದು ಸಾಮಾಜಿಕ ಕಳಕಳಿ.

ಮಾವ: ಹಂಗಾದ್ರ ಸಂಡೂರಿಗೆ ಬಾ. ಅದಿರು ಅಗೆದು ಬೋಳಾದ ಗುಡ್ಡ ಅದಾವು, ಗಿಡ ಹಚ್ಚು.

ಅಳಿಯ: ಅಲ್ಲಿ ಫೋಟೋ ತೆಗೆಯೋರು ಇರ್ತಾರಾ?

ಮಾವ: ಕೆಂಧೂಳಿನಾಗ ನಿನ್ನ ಮುಖ ಕಂಡ್ರ ತೆಗೀತಾರ! ದಾನ ಮಾಡೋದಿದ್ರ ಮೊದಲು ಬೂಟಿನ ರೊಕ್ಕ ಕೊಡು. ಆಮ್ಯಾಲೆ ಎಷ್ಟು ಬೇಕಾದ್ರೂ ಓಡು.